ಕೇಳದೆ ಬಿಟ್ಟ ಮನೆ

ನೊರೀನ್ ಕ್ಯಾಟರಲ್ ನನ್ನ ಪಕ್ಕದ ಮನೆಯಲ್ಲಿ ಇಪ್ಪತ್ತಾರು ವರ್ಷ ಬಾಡಿಗೆಗಿದ್ದಳು. ಇಂಗ್ಲಿಷರ ಕಡಲತೀರದ ಊರಾದ ಮೋರ್ಕಾಂನ ನಮ್ಮ ಬೀದಿಯಲ್ಲಿ ಮನೆಗಳೆಲ್ಲ ಗೋಡೆ ಹಂಚಿಕೊಂಡೇ ನಿಂತಿವೆ. ಅವಳ ಮನೆಯ ನಂಬರು ಹತ್ತೊಂಬತ್ತು, ನನ್ನದು ಇಪ್ಪತ್ತೊಂದು, ಬೀದಿಯ ಈ ಬದಿಗೆಲ್ಲ ಬೆಸ ಸಂಖ್ಯೆ. ಅವಳು ಸೀನಿದರೆ ನನಗೆ ಕೇಳುತ್ತಿತ್ತು, ನನ್ನ ಕುಕ್ಕರ್ ಕೂಗಿದರೆ ಅವಳಿಗೆ ಕೇಳುತ್ತಿತ್ತು. ಇಷ್ಟು ಹತ್ತಿರವಿದ್ದೂ ಅವಳ ಬಾಡಿಗೆಗೆ ಕುತ್ತು ಬಂದದ್ದು ನನಗೆ ತಿಳಿಯಲು ಆರು ವಾರ ಹಿಡಿಯಿತು. ತಿಳಿದದ್ದೂ ಅವಳು ಹೇಳಿದ್ದರಿಂದಲ್ಲ, ಮೀನಿನಿಂದ.

ನಾನು ಇಲ್ಲಿಯ ಆಸ್ಪತ್ರೆಗೆ ನರ್ಸಾಗಿ ಬಂದವಳು, ಈಗ ನಿವೃತ್ತಳು. ಮಂದಾಕಿನಿ ಎಂಬ ನನ್ನ ಹೆಸರನ್ನು ವಾರ್ಡಿನವರು ಮೊದಲ ವಾರದಲ್ಲೇ ಮ್ಯಾಂಡಿ ಮಾಡಿದರು. ನಾನೂ ತಿದ್ದುವ ಗೋಜಿಗೆ ಹೋಗಲಿಲ್ಲ. ಮದುವೆ ಮಾಡಿಕೊಳ್ಳಲಿಲ್ಲ, ನೊರೀನಳೂ ಮಾಡಿಕೊಂಡಿರಲಿಲ್ಲ. ಅವಳು ಪ್ರೈಮರಿ ಶಾಲೆಯೊಂದರ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಬೇಯಿಸಿ ಬಡಿಸಿದ್ದಳು. ಊರಿನ ಅರ್ಧ ಜನ ಅವಳ ಕೈಯ ಕಸ್ಟರ್ಡ್ ತಿಂದು ಬೆಳೆದವರೇ. ಬೀದಿಯಲ್ಲಿ ನಡೆದರೆ ಮೀಸೆ ನರೆತ ಗಂಡಸರು ಕೂಡ ಸಿಗರೇಟು ಬೆನ್ನ ಹಿಂದೆ ಹಿಡಿದು ‘ನಮಸ್ಕಾರ ಮಿಸ್’ ಅನ್ನುತ್ತಿದ್ದರು. ಎತ್ತರದ ಒಣಕಲು ದೇಹ, ಸದಾ ಇಸ್ತ್ರಿ ಮಾಡಿದ ಕಾಲರು. ಯಾರಿಗೂ ಭಾರವಾಗಬಾರದೆಂಬುದು ಅವಳ ದೊಡ್ಡ ಹಟ. ಆ ಹಟ ನನಗೆ ಎಷ್ಟೋ ಸಲ ತಲೆ ಕೆಡಿಸಿದೆ.

ಅವಳ ಜೊತೆಗಿದ್ದವನು ಅಣ್ಣ ಕ್ಲಿಫರ್ಡ್, ಬಸ್ಸಿನ ಕಂಡಕ್ಟರಾಗಿದ್ದವನು. ಇಬ್ಬರ ಪಿಂಚಣಿಯೂ ಸಣ್ಣದು. ಬಾಡಿಗೆಯ ಬಹುಪಾಲನ್ನು ಕೌನ್ಸಿಲ್ಲಿನವರ, ಅಂದರೆ ಇಲ್ಲಿಯ ನಗರಸಭೆಯವರ, ಬಾಡಿಗೆ ನೆರವು ತುಂಬುತ್ತಿತ್ತು. ಮೇಲೆ ಎರಡು ಮಲಗುವ ಕೋಣೆ, ಇಬ್ಬರು ಮನುಷ್ಯರು, ಲೆಕ್ಕ ಸರಿಯಿತ್ತು. ಒಂದು ಜನವರಿಯಲ್ಲಿ ಎದೆಯ ಕಾಯಿಲೆಯಿಂದ ಕ್ಲಿಫರ್ಡ್ ತೀರಿಕೊಂಡ. ಕೌನ್ಸಿಲ್ಲು ಒಂದು ವರ್ಷ ಸುಮ್ಮನಿತ್ತು. ಸಾವಾದ ಮನೆಯ ನೆರವನ್ನು ವರ್ಷದ ತನಕ ಮುಟ್ಟಬಾರದೆಂದು ಅವರ ನಿಯಮ. ನಮ್ಮಲ್ಲಾದರೆ ವರ್ಷ ತುಂಬಿದಾಗ ಶ್ರಾದ್ಧ ಮಾಡುತ್ತಾರೆ. ನೊರೀನಳಿಗೆ ಕಾಗದ ಬಂತು. ಒಬ್ಬರಿಗೆ ಒಂದೇ ಮಲಗುವ ಕೋಣೆ ಸಾಕಾದ್ದರಿಂದ ಇನ್ನು ಮುಂದೆ ವಾರಕ್ಕೆ ಇಪ್ಪತ್ತೆರಡು ಪೌಂಡು ಕಡಿಮೆ ಕೊಡಲಾಗುವುದು ಎಂದು ಅದರಲ್ಲಿತ್ತು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಕಣ್ಣಿಗೆ ಬಿದ್ದದ್ದು ಬೇರೆ. ಪ್ರತಿ ಶುಕ್ರವಾರ ನಾವಿಬ್ಬರೂ ಮೂಲೆಯ ಅಂಗಡಿಯಿಂದ ಕರಿದ ಮೀನು, ಆಲೂಗಡ್ಡೆ ತಂದು ಅವಳ ಮನೆಯಲ್ಲಿ ಕೂತು ತಿನ್ನುವ ಪದ್ಧತಿ. ಕ್ಲಿಫರ್ಡ್ ಇದ್ದಾಗಿನಿಂದ ಬಂದದ್ದು. ಒಂದು ಶುಕ್ರವಾರ ಅವಳು ಬರಲಿಲ್ಲ. ಮುಂದಿನ ಶುಕ್ರವಾರವೂ ಬರಲಿಲ್ಲ. ಬಾಗಿಲು ತಟ್ಟಿ ಕೇಳಿದೆ.

“ಯಾಕೋ ಮೀನು ಅಂದ್ರೆ ಈಚೆಗೆ ಸೇರೋದೇ ಇಲ್ಲ ಕಣೇ” ಅಂದಳು.

ಎಪ್ಪತ್ತು ವರ್ಷ ಸಮುದ್ರದ ದಂಡೆಯಲ್ಲಿ ಮೀನು ತಿಂದವಳಿಗೆ ಇದ್ದಕ್ಕಿದ್ದಂತೆ ಸೇರುವುದಿಲ್ಲವಂತೆ. ನನಗೆ ಅನುಮಾನ ಬಂತು. ಅವಳು ಒಳಗೆ ಕೋಟು ಹಾಕಿಕೊಂಡಿದ್ದಳು, ಕೈಗವಸು ಕೂಡ. ಗೋಡೆಗೆ ಕೈ ಇಟ್ಟು ನೋಡಿದರೆ ಐಸು. ಬೆಳಿಗ್ಗೆ ಹತ್ತಕ್ಕೆ ಹೋಗಿ ಸಂಜೆ ಐದಕ್ಕೆ ಬರುತ್ತಿದ್ದಳಲ್ಲ, ಲೈಬ್ರರಿಯಲ್ಲಿ ಓದುವ ಹುಚ್ಚು ಹತ್ತಿದೆ ಎಂದುಕೊಂಡಿದ್ದೆ. ಅಲ್ಲಿ ಹೀಟರು ಇರುತ್ತದೆ ಎಂಬುದು ಆಗ ಹೊಳೆಯಿತು. ಅಡುಗೆಮನೆಗೆ ನುಗ್ಗಿದೆ. ಬ್ರೆಡ್ಡು, ಚೀಸು, ಎರಡು ಸಾಸೇಜು, ಎಲ್ಲದರ ಮೇಲೂ ಹಳದಿ ಚೀಟಿ. ಅವಧಿ ಮುಗಿಯುವ ದಿನ ಅಂಗಡಿಯವರು ಅರ್ಧ ಬೆಲೆಗೆ ಇಳಿಸಿ ಅಂಟಿಸುವ ಚೀಟಿ ಅದು.

“ಏನೇ ಇದು?”

“ಏನೂ ಇಲ್ಲ. ಸಿಕ್ತು, ತಂದೆ.”

“ನೊರೀನ್, ನಾನು ನಲವತ್ತು ವರ್ಷ ರೋಗಿಗಳ ಹತ್ರ ಸುಳ್ಳು ಕೇಳಿದವಳು. ನಿನ್ನದು ಯಾವ ಮೂಲೆಗೂ ಸಾಲದು. ಹೇಳು.”

ಅವಳು ಡ್ರಾಯರಿನಿಂದ ಆ ಕಾಗದ ತೆಗೆದು, ಮಡಿಕೆ ಸರಿ ಮಾಡಿ ಕೊಟ್ಟಳು. ನಾನು ಓದುತ್ತಿದ್ದಷ್ಟು ಹೊತ್ತು ಅವಳು ಕೆಟಲು ತುಂಬಿಸುತ್ತಾ ನನಗೆ ಬೆನ್ನು ಹಾಕಿ ನಿಂತಿದ್ದಳು. ಇಲ್ಲಿಯವರಿಗೆ ಬಟ್ಟೆ ಬಿಚ್ಚಿ ಡಾಕ್ಟರಿಗೆ ತೋರಿಸಲು ಅಷ್ಟು ನಾಚಿಕೆಯಿಲ್ಲ, ಕೈಯಲ್ಲಿ ಕಾಸಿಲ್ಲ ಎಂದು ತೋರಿಸಲು ಇದೆ.

“ಯಾರಿಗೂ ಹೇಳಬೇಡ” ಅಂದಳು. “ಆಣೆ ಮಾಡು.”

ಮಾಡಿದೆ. ಮಾಡಬಾರದಿತ್ತು.

ಮರುದಿನ ಅವಳನ್ನು ಊರಿನ ಸಲಹಾ ಕೇಂದ್ರಕ್ಕೆ ಎಳೆದುಕೊಂಡು ಹೋದೆ. ಅಲ್ಲಿ ಮೂಗಿಗೆ ರಿಂಗು ಹಾಕಿದ ಹುಡುಗಿಯೊಬ್ಬಳು ಕಾಗದ ನೋಡಿ, ಮೂರು ದಾರಿ ಇದೆ ಅಂದಳು. ಕಷ್ಟದಲ್ಲಿರುವವರಿಗೆ ಕೌನ್ಸಿಲ್ಲಿನಲ್ಲಿ ಒಂದು ವಿಶೇಷ ನೆರವಿದೆ, ಅರ್ಜಿ ಹಾಕಬೇಕು. ಅದಾಗದಿದ್ದರೆ ಮನೆ ಮಾಲೀಕರನ್ನು ಬಾಡಿಗೆ ಇಳಿಸಲು ಕೇಳಬೇಕು. ಅದೂ ಆಗದಿದ್ದರೆ ಚಿಕ್ಕ ಮನೆ ಹುಡುಕಬೇಕು.

“ಮಾಲೀಕರನ್ನ ಒಂದು ಮಾತು ಕೇಳಿ ನೋಡಿ” ಅಂದಳು ಹುಡುಗಿ. “ಒಳ್ಳೇ ಬಾಡಿಗೆದಾರರನ್ನ ಯಾರೂ ಸುಮ್ಮನೆ ಬಿಡಲ್ಲ. ಎಷ್ಟೋ ಜನ ಇಳಿಸ್ತಾರೆ.”

“ಆಗ್ಲಿ ಕಣಮ್ಮ, ಕೇಳ್ತೀನಿ. ತುಂಬಾ ಉಪಕಾರ ಆಯ್ತು” ಅಂದಳು ನೊರೀನ್. ಹೊರಗೆ ಬಂದ ಮೇಲೆ, “ಪಾಪ, ಚಿಕ್ಕ ಹುಡುಗಿ. ಏನೂ ಗೊತ್ತಿಲ್ಲ” ಅಂದಳು.

“ಏನು ಗೊತ್ತಿಲ್ಲ?”

“ಒಬ್ಬರ ಮುಖ ನೋಡಿ ದುಡ್ಡಿನ ಮಾತು ಹೇಗೇ ಎತ್ತೋದು? ಅದೂ ಮಿಸ್ಟರ್ ಪಿಲ್ಲಿಂಗ್ ಮುಂದೆ.”

ಮೊದಲು ಅರ್ಜಿ ಹಾಕುವುದೆಂದು ನಿಶ್ಚಯವಾಯಿತು. ಹದಿನಾಲ್ಕು ಪುಟದ ಅರ್ಜಿ. ನಾನು ಪಕ್ಕದಲ್ಲಿ ಕೂತು ತುಂಬಿಸುತ್ತೇನೆಂದರೆ ಬಿಡಲಿಲ್ಲ, ತಾನೇ ಶಾಲೆಯ ಮಕ್ಕಳಂತೆ ದುಂಡಗೆ ಬರೆದು ಅಂಚೆಗೆ ಹಾಕಿ ಬಂದಳು. ಮೂರು ವಾರಕ್ಕೆ ಉತ್ತರ ಬಂತು: ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಕೌನ್ಸಿಲ್ಲಿಗೆ ಹೋಗಿ ಜಗಳ ಆಡುತ್ತೇನೆಂದು ಹೊರಟವಳು, ಏನು ಬರೆದಿದ್ದೆ ತೋರಿಸು ಅಂದೆ. ಅವಳು ನಕಲು ಇಟ್ಟುಕೊಂಡಿದ್ದಳು. ‘ನಿಮ್ಮ ಕಷ್ಟಗಳನ್ನು ವಿವರಿಸಿ’ ಎಂದು ಅರ್ಧ ಪುಟ ಖಾಲಿ ಬಿಟ್ಟಿದ್ದ ಕಡೆ ಅವಳು ಬರೆದದ್ದು ಇಷ್ಟು: ‘ಹೇಳಿಕೊಳ್ಳುವಂಥ ಕಷ್ಟ ಏನೂ ಇಲ್ಲ. ಹೇಗೋ ನಡೆದುಕೊಂಡು ಹೋಗುತ್ತಿದೆ. ನನಗಿಂತ ತೊಂದರೆಯಲ್ಲಿರುವವರು ಬಹಳ ಜನರಿದ್ದಾರೆ. ತಮ್ಮ ಸಮಯ ತೆಗೆದುಕೊಂಡಿದ್ದಕ್ಕೆ ಕ್ಷಮೆ ಇರಲಿ.’

“ನೊರೀನ್, ಇದನ್ನ ಓದಿದ್ರೆ ನಾನೂ ಇಲ್ಲ ಅಂತಿದ್ದೆ.”

“ನಿಜ ತಾನೇ ಬರೆದಿದ್ದು? ಕಷ್ಟ ಅಂತ ಬೋರ್ಡು ಹಾಕ್ಕೊಂಡು ಕೂರೋಕಾಗುತ್ತಾ?”

“ಅರ್ಜಿ ಇರೋದೇ ಬೋರ್ಡು ಹಾಕೋಕೆ ಕಣೇ!”

“ಕೂಗಬೇಡ, ಗೋಡೆ ತೆಳ್ಳಗಿದೆ” ಅಂದಳು. ಗೋಡೆಯ ಆಚೆ ಇದ್ದದ್ದು ನನ್ನದೇ ಖಾಲಿ ಮನೆ. ಮತ್ತೆ ಅರ್ಜಿ ಹಾಕಬಹುದೆಂದು ಆ ಮೂಗುತಿ ಹುಡುಗಿ ಫೋನಿನಲ್ಲಿ ಹೇಳಿದಳು. ಒಮ್ಮೆ ಇಲ್ಲವೆಂದವರ ಮುಂದೆ ಮತ್ತೆ ಕೈ ಚಾಚಲು ನೊರೀನ್ ಒಪ್ಪಲಿಲ್ಲ.

ಉಳಿದದ್ದು ಮಿಸ್ಟರ್ ಪಿಲ್ಲಿಂಗ್.

ಆತನ ಬಗ್ಗೆ ಹೇಳಬೇಕು. ಎಪ್ಪತ್ತಾರರ ಮುದುಕ, ಬಡಗಿ, ಹೆಂಡತಿ ಇಲ್ಲ, ಎರಡು ಬೀದಿ ಆಚೆ ವಾಸ. ಆತನಿಗಿದ್ದದ್ದು ತಾನಿರುವ ಮನೆ ಮತ್ತು ಈ ಹತ್ತೊಂಬತ್ತು, ಅಷ್ಟೇ. ಬಾಡಿಗೆ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುತ್ತಿತ್ತು. ಆದರೂ ತಿಂಗಳ ಮೊದಲ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಆತ ತಪ್ಪದೆ ಬರುತ್ತಿದ್ದ. ಬರುವಾಗ ತೋಟದ ಹುರುಳಿಕಾಯೋ, ಒಂದು ಕಟ್ಟು ರುಬಾರ್ಬ್ ದಂಟೋ ಕೈಯಲ್ಲಿ. ಮಳೆನೀರಿನ ಕೊಳವೆ ನೋಡಿ, ಕಿಟಕಿಯ ಬಿಜಾಗರಿಗೆ ಎಣ್ಣೆ ಬಿಟ್ಟು, ಒಂದು ಕಪ್ಪು ಚಹಾ ಕುಡಿದು ಹೋಗುತ್ತಿದ್ದ. ಇಪ್ಪತ್ತಾರು ವರ್ಷದಲ್ಲಿ ಆತ ‘ಮಿಸ್ ಕ್ಯಾಟರಲ್’ ಬಿಟ್ಟು ಬೇರೆ ಕರೆದದ್ದಿಲ್ಲ, ಅವಳು ‘ಮಿಸ್ಟರ್ ಪಿಲ್ಲಿಂಗ್’ ಬಿಟ್ಟು ಬೇರೆ ಕರೆದದ್ದಿಲ್ಲ. ಬಾಡಿಗೆ ಎಂಬ ಶಬ್ದ ಅವರಿಬ್ಬರ ನಡುವೆ ಹುಟ್ಟಿಯೇ ಇರಲಿಲ್ಲ. ಬಾಡಿಗೆ ಏರಿಸಬೇಕಾದಾಗ ಆತ ಎರಡು ಸಾಲಿನ ಚೀಟಿ ಬರೆದು, ಬಾಗಿಲ ಕಿಂಡಿಯಲ್ಲಿ ಹಾಕಿ, ಬೆಲ್ಲು ಒತ್ತದೆ ಓಡುತ್ತಿದ್ದ. ಆಮೇಲೆ ಎರಡು ತಿಂಗಳು ದುಪ್ಪಟ್ಟು ಹುರುಳಿಕಾಯಿ ಬರುತ್ತಿತ್ತು.

ಏಪ್ರಿಲಿನ ಮೊದಲ ಶುಕ್ರವಾರ ಕೇಳುವುದೆಂದು ತೀರ್ಮಾನವಾಯಿತು. ನಾನು ಧೈರ್ಯಕ್ಕೆ ಜೊತೆಗಿರಬೇಕು, ಆದರೆ ಬಾಯಿ ಬಿಡಬಾರದು. ಗುರುವಾರ ನನ್ನ ಅಡುಗೆಮನೆಯಲ್ಲಿ ಅವಳಿಗೆ ಪಾಠ ಹೇಳಿಸಿದೆ.

“ನಾನೇ ಪಿಲ್ಲಿಂಗ್ ಅಂದ್ಕೋ. ಹೇಳು.”

“ಮಿಸ್ಟರ್ ಪಿಲ್ಲಿಂಗ್, ಕೌನ್ಸಿಲ್ಲಿನವರು ಸ್ವಲ್ಪ ಕಡಿಮೆ ಮಾಡಿದ್ದಾರೆ, ತಾವೇನಾದ್ರೂ…” ಅಂದು ನಿಂತಳು. “ನೀನು ಹಾಗೆ ದಿಟ್ಟಿಸಿ ನೋಡಬೇಡ, ಆತ ಹಾಗೆ ನೋಡಲ್ಲ.”

“ಆಯ್ತು, ಚಾವಣಿ ನೋಡ್ತೀನಿ.”

ಚಾವಣಿ ನೋಡುತ್ತಾ ಕೂತೆ. ನಾಲ್ಕನೆಯ ಸಲಕ್ಕೆ ಪೂರ್ತಿ ವಾಕ್ಯ ಬಂತು. ಇಬ್ಬರೂ ನಕ್ಕೆವು. ಅವತ್ತು ನನಗೆ ಕೆಲಸ ಆಗುತ್ತದೆ ಎಂದೇ ಅನಿಸಿತ್ತು.

ಶುಕ್ರವಾರ ಮಧ್ಯಾಹ್ನ ಹೋಗಿ ನೋಡುತ್ತೇನೆ, ಅವಳ ಮನೆ ಒಲೆಯ ಹಾಗೆ ಬಿಸಿ. ಬರುವವರು ನಡುಗಬಾರದೆಂದು ಬೆಳಿಗ್ಗೆಯಿಂದ ಹೀಟರು ಹಾಕಿದ್ದಳು. ಅದಕ್ಕಾಗಿ ವಾರವಿಡೀ ಆರಿಸಿಟ್ಟಿದ್ದಳು. ಮೇಜಿನ ಮೇಲೆ ಶುಂಠಿ ಕೇಕು, ಹ್ಯಾಮಿನ ಸ್ಯಾಂಡ್‌ವಿಚ್ಚು, ತಾಯಿಯ ಕಾಲದ ಚಿನ್ನದಂಚಿನ ಕಪ್ಪುಗಳು. ನೆರವು ಕೇಳುವವರ ಮನೆ ಹೀಗಿರುತ್ತದೆಯೇ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಬೆಲ್ಲಾಯಿತು.

ಪಿಲ್ಲಿಂಗ್ ಬಂದ, ಕೋಟು ಬಿಚ್ಚಿದ, ಕರವಸ್ತ್ರದಿಂದ ಕತ್ತು ಒರೆಸಿಕೊಂಡ.

“ಬೆಚ್ಚಗಿದೆ ನಿಮ್ಮನೆ, ಮಿಸ್ ಕ್ಯಾಟರಲ್. ನನ್ನ ಮನೇಲಿ ಇಷ್ಟು ಸುಖ ಇಲ್ಲ.”

“ಏನೋ, ತಮ್ಮ ದಯ.”

ಚಹಾ ಬಂತು. ಗಾಳಿ ಪಡುವಣದಿಂದ ಬೀಸುತ್ತಿದೆ ಎಂಬಲ್ಲಿಂದ ಶುರುವಾಯಿತು. ನಾಳೆ ತೆಂಕಣಕ್ಕೆ ತಿರುಗಬಹುದು. ತಿರುಗದೆಯೂ ಇರಬಹುದು. ಈ ವರ್ಷ ಬಟಾಣಿ ತಡ. ಕೇಕು ಚೆನ್ನಾಗಿದೆ. ಶುಂಠಿ ಸ್ವಲ್ಪ ಮುಂದಾಯಿತೇನೋ. ಇಲ್ಲ, ಹದವಾಗಿದೆ. ನಾನು ಮೇಜಿನ ಕೆಳಗೆ ನೊರೀನಳ ಕಾಲು ತುಳಿದೆ.

“ಮಿಸ್ಟರ್ ಪಿಲ್ಲಿಂಗ್” ಅಂದಳು ಅವಳು. ಕಪ್ಪು ಕೆಳಗಿಟ್ಟಳು. “ಕ್ಲಿಫರ್ಡ್ ಹೋಗಿ ಒಂದು ವರ್ಷ ಆಯ್ತು.”

“ಹೌದು, ಹೌದು” ಅಂದ ಆತ. ಆತನ ಮುಖ ನಿಜವಾಗಿ ಮಿದುವಾಯಿತು. ಕತ್ತೆತ್ತಿ ಮೆಟ್ಟಿಲ ಕಡೆ ನೋಡಿದ. “ಒಬ್ಬರಿಗೆ ಇದು ದೊಡ್ಡ ಮನೇನೇ ಆಯ್ತು. ಮೆಟ್ಟಿಲು ಬೇರೆ ಕಡಿದು. ನಿಮಗೆ ಕಷ್ಟ ಆಗ್ತಿರಬೇಕು.”

ಆತ ಕೇಳಿದ್ದು ಅಷ್ಟೇ. ಹೆಂಡತಿ ಸತ್ತ ಮೇಲೆ ತನ್ನ ಮನೆಯೂ ಆತನಿಗೆ ಹಾಗೇ ಕಂಡಿತ್ತು. ಆದರೆ ನೊರೀನ್ ಬೇರೆಯೇ ಕೇಳಿಸಿಕೊಂಡಳು. ಅವಳ ಬೆನ್ನು ನೆಟ್ಟಗಾಯಿತು.

“ಇಲ್ಲ, ಇಲ್ಲ, ಏನೂ ಕಷ್ಟ ಇಲ್ಲ” ಅಂದಳು. “ಆದರೂ ತಾವು ಹೇಳೋದು ಸರಿ. ದೊಡ್ಡದೇ.”

ನನಗೆ ತಡೆಯಲಾಗಲಿಲ್ಲ. “ಮಿಸ್ಟರ್ ಪಿಲ್ಲಿಂಗ್, ವಿಷಯ ಏನಂದ್ರೆ, ಕೌನ್ಸಿಲ್ಲಿನವರು…”

“ಮ್ಯಾಂಡಿ” ಅಂದಳು ನೊರೀನ್, ತಟ್ಟೆ ನನ್ನ ಮೂಗಿನ ಕೆಳಗೆ ಹಿಡಿದು. “ಇನ್ನೊಂದು ತುಂಡು ತಗೋ.”

ಮಕ್ಕಳಿಗೆ ಬಡಿಸುವಾಗ ಗಲಾಟೆ ಮಾಡುವವನನ್ನು ನೋಡುತ್ತಿದ್ದಳಂತೆ, ಆ ನೋಟ. ತೆಗೆದುಕೊಂಡೆ. ಕೇಕು ಬಾಯಲ್ಲಿ, ಮಾತು ಗಂಟಲಲ್ಲಿ. ಪಿಲ್ಲಿಂಗ್ ಕೌನ್ಸಿಲ್ಲಿನವರು ರಸ್ತೆ ಅಗೆದಿರುವ ಬಗ್ಗೆ ನಾನು ಹೇಳಹೊರಟೆನೆಂದು ತಿಳಿದು, ಹತ್ತು ನಿಮಿಷ ರಸ್ತೆಯ ಬಗ್ಗೆ ಮಾತಾಡಿ ಎದ್ದು ಹೋದ.

“ನೋಡಿದ್ಯಾ?” ಅಂದಳು ಬಾಗಿಲು ಹಾಕಿ ಬಂದು. “ಮನೆ ಬೇಕಂತೆ ಅವರಿಗೆ. ಬಾಯಿ ಬಿಟ್ಟು ಹೇಳೋಕೆ ಸಂಕೋಚ ಪಾಪ, ಅದಕ್ಕೇ ಅಡ್ಡಗೋಡೆ ಮೇಲೆ ದೀಪ ಇಟ್ಟರು.”

“ಅದು ಅನುಕಂಪ ಕಣೇ! ಮೆಟ್ಟಿಲು ಹತ್ತೋಕೆ ಕಷ್ಟ ಆಗುತ್ತಾ ಅಂತ ಕೇಳಿದ್ದು.”

“ಇಪ್ಪತ್ತಾರು ವರ್ಷ ಕೇಳದವರು ಇವತ್ತು ಯಾಕೆ ಕೇಳಿದ್ರು?”

“ಇಪ್ಪತ್ತಾರು ವರ್ಷ ನಿಮ್ಮಣ್ಣ ಬದುಕಿದ್ದ, ಅದಕ್ಕೆ.”

ಅವಳು ಕಪ್ಪು ತೊಳೆಯಲು ಹೋದಳು. ಹೀಟರು ಆರಿಸಿ ಹೋದಳು.

ಭಾನುವಾರ ಕಾಗದ ಬರೆದಳು, ನಾಲ್ಕು ಸಲ ಹರಿದು. ಐದನೆಯದನ್ನು ನನಗೆ ಓದಲು ಕೊಟ್ಟಳು. ‘ಪ್ರಿಯ ಮಿಸ್ಟರ್ ಪಿಲ್ಲಿಂಗ್, ಇಷ್ಟು ವರ್ಷ ತಾವು ತೋರಿದ ಸೌಜನ್ಯಕ್ಕೆ ಋಣಿ. ಸ್ವಲ್ಪ ಜಾಗ ಬದಲಾಯಿಸಿದರೆ ಚೆನ್ನವೆಂದು ಈಚೆಗೆ ಅನ್ನಿಸುತ್ತಿದೆ. ನಿಯಮದಂತೆ ಒಂದು ತಿಂಗಳ ಮುಂಚೆ ತಿಳಿಸುತ್ತಿದ್ದೇನೆ.’ ಹಣದ ಸುದ್ದಿ ಒಂದಕ್ಷರ ಇಲ್ಲ. ಹಾಕಬೇಡ ಅಂದೆ. ಬೈದೆ. ಕಡೆಗೆ ಕೈ ಹಿಡಿದುಕೊಂಡೆ. ಹಾಕಿ ಬಂದಳು.

ಮೂರು ದಿನಕ್ಕೆ ಉತ್ತರ. ‘ತಮ್ಮ ನಿರ್ಧಾರವನ್ನು ಗೌರವಿಸುತ್ತೇನೆ. ತಮ್ಮಂಥವರು ಸಿಗುವುದು ಅಪರೂಪ. ನನ್ನಿಂದ ಏನಾದರೂ ಆಗಬೇಕಿದ್ದರೆ ತಿಳಿಸಬೇಕು.’

“ಒಂದು ಸಲವಾದ್ರೂ ಇರಿ ಅಂದ್ರಾ?” ಅಂದಳು ನೊರೀನ್. “ನಾನು ಹೇಳಲಿಲ್ವಾ?”

ಇಲ್ಲಿ ನನ್ನ ವಿಷಯ ಹೇಳಿಬಿಡುತ್ತೇನೆ. ಒಂದು ತಿಂಗಳಿತ್ತು. ಪಿಲ್ಲಿಂಗ್ ಮನೆ ಎರಡು ಬೀದಿ ಆಚೆ, ಐದು ನಿಮಿಷದ ದಾರಿ. ನಾನು ಎರಡು ಸಲ ಹೊರಟೆ. ಒಂದು ಸಲ ಆತನ ಗೇಟಿನ ತನಕ ಹೋದೆ. ಆತ ತೋಟದಲ್ಲಿ ಬಗ್ಗಿ ಏನೋ ನೆಡುತ್ತಿದ್ದ. ಬೇರೆಯವರ ಬಡತನವನ್ನು ಅವರ ಬೆನ್ನ ಹಿಂದೆ ಹೇಳುವುದು ಈ ಊರಿನಲ್ಲಿ ಕಳ್ಳತನಕ್ಕಿಂತ ಕಡೆ. ಆಣೆ ಬೇರೆ ಮಾಡಿದ್ದೆ. ಹುಟ್ಟೂರಿನಲ್ಲಾಗಿದ್ದರೆ ನಾನು ಗೇಟಿನಿಂದಲೇ ಕೂಗಿ, ಗದರಿ, ಕೆಲಸ ಮುಗಿಸಿ ಬರುತ್ತಿದ್ದೆ. ಇಲ್ಲಿ ‘ಬಟಾಣಿ ಹೇಗಿದೆ?’ ಎಂದು ಕೇಳಿ ವಾಪಸ್ಸು ಬಂದೆ. ಇಷ್ಟು ವರ್ಷ ಇವರ ನಡುವೆ ಇದ್ದದ್ದಕ್ಕೆ ನನಗೆ ಅಂಟಿದ್ದು ಇದು. ಆ ದಿನವನ್ನು ನೆನೆದರೆ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಚಿಕ್ಕ ಮನೆ ಸಿಕ್ಕಿತು. ಬಂದ್ ಆದ ಉಣ್ಣೆ ಅಂಗಡಿಯೊಂದರ ಮೇಲೆ, ಮೂರನೇ ಮಹಡಿಯಲ್ಲಿ ಒಂದು ಕೋಣೆ. ಮೂಲೆಯಲ್ಲಿ ಒಲೆ, ಪರದೆಯ ಹಿಂದೆ ಹಾಸಿಗೆ. ಬಾಡಿಗೆ ನೆರವು ಅದಕ್ಕೆ ಸರಿಹೋಗುತ್ತಿತ್ತು. ನಲವತ್ತಾರು ಮೆಟ್ಟಿಲು, ಲಿಫ್ಟಿಲ್ಲ. ಹತ್ತೊಂಬತ್ತರಲ್ಲಿ ಇದ್ದದ್ದು ಹದಿಮೂರು.

ಸಾಮಾನು ಸಾಗಿಸಲು ಪಿಲ್ಲಿಂಗ್ ತನ್ನ ವ್ಯಾನು ತಂದ. ಬೇಡವೆಂದರೂ ಕೇಳಲಿಲ್ಲ. ಕ್ಲಿಫರ್ಡ್‌ನ ಮಂಚ, ಬೀರು, ಊಟದ ಮೇಜು ಹೊಸ ಕೋಣೆಯಲ್ಲಿ ಹಿಡಿಸುವಂತಿರಲಿಲ್ಲ. ಅವನ್ನು, ದಾನಕ್ಕೆ ಬಂದದ್ದನ್ನು ಮಾರುವ ಧರ್ಮದ ಅಂಗಡಿಯವರು ಬಂದು ಒಯ್ದರು. ಉಳಿದದ್ದನ್ನು ಎಪ್ಪತ್ತಾರರ ಆ ಮುದುಕ ಒಂದೊಂದಾಗಿ ಮೇಲೆ ಹೊತ್ತ. ಎರಡನೇ ಮಹಡಿಯಲ್ಲಿ ನಿಂತು ಉಸಿರು ಬಿಟ್ಟು, ಮೇಲಿನ ಮೆಟ್ಟಿಲು ನೋಡಿದ. ನೊರೀನಳನ್ನು ನೋಡಿದ. ಏನೋ ಕೇಳುವವನಂತೆ ಬಾಯಿ ತೆರೆದ.

“ಗಾಳಿ ಚೆನ್ನಾಗಿ ಬರುತ್ತೆ ಇಲ್ಲಿ” ಅಂದ.

“ಹೌದು. ಕತ್ತು ಚಾಚಿದ್ರೆ ಸಮುದ್ರನೂ ಕಾಣುತ್ತೆ” ಅಂದಳು.

ಹೋಗುವಾಗ ಆತ ವ್ಯಾನಿನಿಂದ ಒಂದು ಸಣ್ಣ ಸ್ಟೂಲು ತಂದುಕೊಟ್ಟ. ತಾನೇ ಮಾಡಿದ್ದು, ಬೀಟೆ ಬಣ್ಣ ಹಚ್ಚಿದ್ದು. ಮೇಲಿನ ಕಪಾಟು ಎಟುಕಲು ಬೇಕಾಗಬಹುದೆಂದು ಕೊಟ್ಟನಂತೆ. ಅವಳು ಬಹಳ ಉಪಕಾರವಾಯಿತು ಅಂದಳು. ಅವರಿಬ್ಬರೂ ಕೈ ಕುಲುಕಿದರು. ಇಪ್ಪತ್ತಾರು ವರ್ಷದಲ್ಲಿ ಅದು ಎರಡನೇ ಸಲ. ಮೊದಲನೆಯದು ಅವಳು ಮನೆಗೆ ಬಂದ ದಿನ.

ಜೂನಿನಲ್ಲಿ ಪಿಲ್ಲಿಂಗ್ ಹತ್ತೊಂಬತ್ತಕ್ಕೆ ಬಣ್ಣ ಹೊಡೆಯಲು ಬಂದ. ಒಬ್ಬನೇ, ಕಿಟಕಿಗಳನ್ನೆಲ್ಲ ತೆರೆದುಕೊಂಡು. ಮೂರನೇ ದಿನ ಚಹಾ ತೆಗೆದುಕೊಂಡು ಹೋದೆ. ಬರಿದಾದ ಮನೆಯಲ್ಲಿ ಮಾತು ದೊಡ್ಡದಾಗಿ ಕೇಳುತ್ತಿತ್ತು. ಆತ ಬಣ್ಣದ ಡಬ್ಬದ ಮೇಲೆ ಕೂತ, ನಾನು ಮೆಟ್ಟಿಲ ಮೇಲೆ.

“ಬಾಡಿಗೆಗೆ ಯಾರಾದ್ರೂ ಸಿಕ್ಕಿದ್ರಾ?” ಅಂದೆ.

“ಸಿಕ್ಕಿದ್ರು. ನಿನ್ನೆ ಸಹಿ ಆಯ್ತು. ಚಿಕ್ಕ ವಯಸ್ಸಿನ ಗಂಡ ಹೆಂಡತಿ, ಒಂದು ಕೂಸು. ಆ ಹುಡುಗಿ ಎಂಥವಳು ಅಂತೀರಿ! ಬಾಗಿಲಲ್ಲಿ ನಿಂತು ಒಳಗೂ ಬಂದಿಲ್ಲ ಇನ್ನೂ, ‘ಅಷ್ಟು ಕೊಡೋಕಾಗಲ್ಲ, ವಾರಕ್ಕೆ ಮೂವತ್ತು ಇಳಿಸ್ತೀರಾ?’ ಅಂದಳು.”

“ನೀವೇನಂದ್ರಿ?”

“ಇಳಿಸಿದೆ” ಅಂದ. “ಕೇಳಿದಳಲ್ಲ.”

ನಾನು ಚಹಾ ಕಪ್ಪನ್ನು ಮೆಟ್ಟಿಲ ಮೇಲೆ ಇಟ್ಟೆ.

“ಮ್ಯಾಂಡಿ, ನಿಮ್ಮನ್ನ ಒಂದು ಮಾತು ಕೇಳ್ಬೇಕು” ಅಂದ ಆತ, ಬ್ರಷ್ಷಿನ ಕೂದಲು ಸರಿಮಾಡುತ್ತಾ. “ಮಿಸ್ ಕ್ಯಾಟರಲ್‌ಗೆ ನನ್ನ ಮೇಲೆ ಬೇಜಾರಿತ್ತಾ? ಅಷ್ಟು ಮೆಟ್ಟಿಲು ಹತ್ತೋ ಕಡೆ ಹೋಗಿದಾರೆ. ನನ್ನಿಂದ ಏನೋ ತಪ್ಪಾಗಿರಬೇಕು. ಎರಡು ತಿಂಗಳಿಂದ ಯೋಚಿಸ್ತಿದೀನಿ, ಗೊತ್ತಾಗ್ತಿಲ್ಲ.”

ಆಣೆ ಅಲ್ಲಿಗೆ ಮುರಿಯಿತು. ಕ್ಲಿಫರ್ಡ್ ಸತ್ತಲ್ಲಿಂದ ಹಿಡಿದು, ಕೋಟು, ಹಳದಿ ಚೀಟಿ, ಅರ್ಜಿ, ಕೇಕು, ಎಲ್ಲ ಹೇಳಿದೆ. ಆತ ನಡುವೆ ಒಂದು ಸಲವೂ ತಲೆ ಎತ್ತಲಿಲ್ಲ.

“ಇಪ್ಪತ್ತೆರಡು ಪೌಂಡಿಗಾ?” ಅಂದ ಕಡೆಗೆ.

“ಇಪ್ಪತ್ತೆರಡಕ್ಕೆ.”

“ನನಗೆ ಅದು ಬೇಕೇ ಇರಲಿಲ್ಲ. ಇರೋದು ನಾನೊಬ್ಬ. ಆ ಬಾಡಿಗೆ ಅರ್ಧ ಬ್ಯಾಂಕಲ್ಲೇ ಕೊಳೀತಿದೆ.” ಬ್ರಷ್ಷು ಕೆಳಗಿಟ್ಟು, “ಅವರು ಒಂದು ಮಾತು ಹೇಳ್ಬಹುದಿತ್ತು” ಅಂದ.

“ಯಾಕೆ ಹೋಗ್ತೀರಿ ಅಂತ ನೀವು ಒಂದು ಮಾತು ಕೇಳ್ಬಹುದಿತ್ತು.”

“ಹೆಣ್ಣುಮಕ್ಕಳ ಖಾಸಗಿ ವಿಷಯ. ಹೇಗೆ ಕೇಳ್ಲಿ?”

ನನಗೆ ಅಲ್ಲಿದ್ದ ಬಣ್ಣದ ಡಬ್ಬ ಎತ್ತಿ ಆತನ ತಲೆಯ ಮೇಲೆ ಸುರಿಯಬೇಕೆನಿಸಿತು. ಆಮೇಲೆ ಗೇಟಿನ ತನಕ ಹೋಗಿ ಬಟಾಣಿ ವಿಚಾರಿಸಿಕೊಂಡು ಬಂದವಳ ನೆನಪಾಯಿತು. 

“ಸಹಿ ಹಾಕಿದ್ದನ್ನ ವಾಪಸ್ ತಗೊಳ್ಳೋಕಾಗಲ್ವಾ?” ಅಂದೆ.

“ಕೂಸಿರೋರು. ಇದ್ದ ಕೋಣೆ ಬಿಟ್ಟು ಬರ್ತಿದಾರೆ, ಶನಿವಾರ ಬರ್ತಾರೆ.” ಆತ ಎದ್ದು ಗೋಡೆಯ ಕಡೆ ತಿರುಗಿದ. ಬ್ರಷ್ಷು ಅದ್ದಿದ, ಆದರೆ ಬಳಿಯಲಿಲ್ಲ. “ಮಿಸ್ ಕ್ಯಾಟರಲ್‌ಗೆ ಇದನ್ನ ಹೇಳಬೇಡಿ ಮ್ಯಾಂಡಿ. ಎಷ್ಟಕ್ಕೆ ಕೊಟ್ಟೆ ಅನ್ನೋದನ್ನಂತೂ ಹೇಳಲೇಬೇಡಿ.”

ಮರುದಿನ ನೊರೀನಳನ್ನು ನೋಡಲು ಹೋದೆ. ನಲವತ್ತಾರು ಮೆಟ್ಟಿಲು ಹತ್ತಿ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತೆ. ಹೇಳಬೇಕೆಂದೇ ಹೋಗಿದ್ದೆ. ಆತನಿಗೆ ನಾನೇನೂ ಮಾತು ಕೊಟ್ಟಿರಲಿಲ್ಲ. ಈ ಬಾಯಿ ಮುಚ್ಚಿಕೊಂಡಿದ್ದು ಸಾಕು, ಒಬ್ಬರಾದರೂ ಒಬ್ಬರಿಗೆ ನಿಜ ಹೇಳಲಿ ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದೆ.

ಅವಳು ಬಾಗಿಲು ತೆರೆದಳು. ಸೊರಗಿದ್ದಳು. ಕಾಲರಿನ ಇಸ್ತ್ರಿ ಮಾತ್ರ ಹಾಗೇ ಇತ್ತು. ಕೋಣೆ ಓರಣವಾಗಿತ್ತು. ಕೂರಲು ಇದ್ದ ಒಂದೇ ಕುರ್ಚಿಯನ್ನು ನನಗೆ ಕೊಟ್ಟು ತಾನು ಹಾಸಿಗೆಯ ಅಂಚಿನಲ್ಲಿ ಕೂತಳು. ಕಿಟಕಿ, ಸಮುದ್ರ, ಕೆಳಗಿನ ಅಂಗಡಿ, ಒಂದಿಷ್ಟು ಮಾತಾಯಿತು. ಎಲ್ಲ ಅನುಕೂಲವಾಗಿದೆ ಅಂದಳು. ಮೆಟ್ಟಿಲಿನಿಂದ ಮೊಣಕಾಲಿಗೆ ವ್ಯಾಯಾಮವಂತೆ.

“ಹತ್ತೊಂಬತ್ತಕ್ಕೆ ಯಾರಾದ್ರೂ ಬಂದ್ರಾ?” ಅಂತ ತಾನೇ ಕೇಳಿದಳು.

“ಶನಿವಾರ ಬರ್ತಾರಂತೆ. ಗಂಡ ಹೆಂಡತಿ, ಒಂದು ಕೂಸು.”

“ಕೂಸಾ? ಒಳ್ಳೇದಾಯ್ತು. ಕ್ಲಿಫರ್ಡ್ ಕೋಣೆಗೆ ಬೆಳಿಗ್ಗೆ ಬಿಸಿಲು ಬರುತ್ತೆ, ಕೂಸಿಗೆ ಅದೇ ಸರಿ.” ಸೆರಗಿಲ್ಲದ ಮಡಿಲನ್ನು ಕೈಯಿಂದ ಒಂದೆರಡು ಸಲ ಸವರಿಕೊಂಡಳು. “ಮಿಸ್ಟರ್ ಪಿಲ್ಲಿಂಗ್‌ಗೆ ಬಾಡಿಗೆ ಚೆನ್ನಾಗಿ ಸಿಗ್ತಾ? ನಾನು ಕೊಡ್ತಿದ್ದದ್ದಕ್ಕಿಂತ ಜಾಸ್ತಿ ತಾನೇ?”

ನಾನು ಅವಳ ಮುಖ ನೋಡಿದೆ. ಅವಳು ಚಾವಣಿ ನೋಡುತ್ತಿದ್ದಳು.

“ಹೂಂ” ಅಂದೆ. “ಜಾಸ್ತಿನೇ.”

“ಸದ್ಯ” ಅಂದಳು ನೊರೀನ್, ಕೆಟಲು ಇಡಲು ಏಳುತ್ತಾ. “ಹಾಗಾದ್ರೆ ನಾನು ಬಿಟ್ಟಿದ್ದೇ ಒಳ್ಳೇದಾಯ್ತು.”